ಕಾಂಡ್ಲಾದಲ್ಲಿ ಗೊರವ

ಗದಗ–ಕಾರವಾರ, ಹನ್ನೊಂದು ವರ್ಷ ನನ್ನದೇ ರೂಟು.
ರಾತ್ರಿ ಒಂಬತ್ತೂವರೆಗೆ ಬಂದು ಡಿಪೋದ ಹಲಗೆಯ ಮೇಲೆ ಬಿದ್ದರೆ
ಬೆಳಿಗ್ಗೆ ಐದಕ್ಕೆ ರೈಟ್.
ಕಡಲೆಂದರೆ ನನಗೆ ಕತ್ತಲಲ್ಲಿ ಒಂದು ಸದ್ದು,
ಕಿಟಕಿ ತೆಗೆದರೆ ಒಣಮೀನಿನ ವಾಸನೆ,
ಚೀಲದಲ್ಲಿ ತೇವ ಹಿಡಿದ ನೋಟು.

ರಿಟೈರಾದ ಮೇಲೆ ಮೊದಲ ಸಲ ಟಿಕೆಟ್ ಕೊಂಡು ಬಂದೆ,
ಜತೆಗೆ ನೀಲಗಂಗಾ.
ಲಾಡ್ಜಿನ ಹುಡುಗ ಹೇಳಿದ:
'ಬೆಳಿಗ್ಗೆ ಹಕ್ಕಿ ನೋಡೋ ದೋಣಿ ಇದೆ, ತಲೆಗೆ ನಾನೂರು.'
'ಹಕ್ಕಿ ನೋಡಾಕ ರೊಕ್ಕಾ?' ಅಂದಳು.
ಆಮೇಲೆ ತಾನೇ ನಾಲ್ಕೂವರೆಗೆ ಎದ್ದು ತಲೆ ಬಾಚಿಕೊಂಡಳು.

ಕಾಳಿ ನದಿ ಇಳಿತದಲ್ಲಿತ್ತು.
ಸದಾಶಿವಗಡದ ಗುಡ್ಡ ಇನ್ನೂ ಮುಸುಕು ತೆಗೆದಿರಲಿಲ್ಲ.
ನಾವು ಆರು ಜನ (ಎಣಿಸಿದೆ, ಎಣಿಸದೆ ಇರಲು ಬರುವುದಿಲ್ಲ),
ಏಳನೆಯವಳು ಸುಜಲಾ ಹರಿಕಂತ್ರ, ಹಕ್ಕಿ ತೋರಿಸುವವಳು,
ಅಪ್ಪನ ಹಳೇ ಸ್ವೆಟರಿನಲ್ಲಿ.
ದೋಣಿಯವನು ಸ್ಟಾಫ್, ಲೆಕ್ಕಕ್ಕಿಲ್ಲ.
'ಹಕ್ಕಿ ನೋಡೋದು ನಮ್ಮಲ್ಲಿ ಹೊಸದೇನಲ್ಲ,' ಅಂದಳು,
'ಎಲ್ಲಿ ಗಲಾಟೆ ಮಾಡ್ತಾವೋ ಅಲ್ಲಿ ಬಲೆ ಬಿಡೋದು.
ಸುಮ್ಮನೆ ನೋಡೋದು ಮಾತ್ರ ಹೊಸದು.'

ದುರ್ಬೀನು ಕೊಟ್ಟಳು.
ಕಣ್ಣಿಗಿಟ್ಟರೆ ಕಂಡದ್ದು ನನ್ನದೇ ರೆಪ್ಪೆಗೂದಲು,
ಎರಡು ಕರೀ ಗುಂಡಿ,
ಅವುಗಳ ನಡುವೆ ಕಾಂಡ್ಲಾದ ಎಲೆಯೊಂದು ಓಡಿಹೋಯಿತು.
'ಅಗೋ, ಎರಡನೇ ಕೊಂಬೆ, ಎಡಕ್ಕೆ, ಮಿಂಚುಳ್ಳಿ!'
ಎಲ್ಲರೂ ಹಾಂ ಅಂದರು. ನಾನೂ ಅಂದೆ.
ಸುಳ್ಳು.
ನೀಲಗಂಗಾ ಬರಿಗಣ್ಣಲ್ಲೇ, ಹೋದ ದೀಪಾವಳಿಗೆ ಪೊರೆ ತೆಗೆಸಿದ ಕಣ್ಣು,
'ಕೊರಳಾಗ ಬಿಳೀ ಪಟ್ಟಿ ಐತಿ, ಹೌದಿಲ್ಲೋ?' ಅಂದಳು.
ಸುಜಲಾ ತಿರುಗಿ ನೋಡಿ
ಅವಳ ಪಕ್ಕಕ್ಕೆ ಬಂದು ಕೂತಳು.

ಹಳೇ ವೇಬಿಲ್ಲಿನ ಬೆನ್ನಿಗೆ ಬರೆದುಕೊಂಡೆ:
ಗರುಡ ಎರಡು. ಬೆಳ್ಳಕ್ಕಿ ಹದಿನಾಲ್ಕು,
ಅಲ್ಲಲ್ಲ, ಒಂದು ಇಳಿಯಿತು, ಹದಿಮೂರು.
ಮಿಂಚುಳ್ಳಿ ಒಂದು, ನೀಲಗಂಗಾ ಕಂಡದ್ದು.
ನೀರುಕಾಗೆ ರೆಕ್ಕೆ ಹರಡಿ ನಿಂತದ್ದು ಒಂದು,
ಮಳೆಯಲ್ಲಿ ನೆನೆದ ಖಾಕಿ ಅಂಗಿ ಹರವಿದ ಹಾಗೆ.

ಆಗ ಕೆಸರಿನ ಮೇಲೆ ಅದು.
ಮಣ್ಣಿನದೇ ಬಣ್ಣ; ನಡೆದರೆ ಇದೆ, ನಿಂತರೆ ಇಲ್ಲ.
ಕುಡಗೋಲಿನಂತೆ ಬಾಗಿದ ಕೊಕ್ಕನ್ನು ಬುಡದವರೆಗೆ ಇಳಿಸಿ
ಯಾರದೋ ಕಿಸೆಯಲ್ಲಿ ಚಿಲ್ಲರೆಗೆ ತಡಕಾಡುತ್ತಿತ್ತು.
'ಗೊರವ,' ಅಂದಳು ಸುಜಲಾ, ಬರೀ ಉಸಿರಿನಲ್ಲಿ.
'ಗೊರವಯ್ಯ? ಮೈಲಾರದಾಂವ?' ನೀಲಗಂಗಾಗೆ ನಗು.
'ಕಂಬಳಿ ಎಲ್ಲಿ, ಡಮರು ಎಲ್ಲಿ, ಕರಡಿ ಕೂದಲಿನ ಟೊಪ್ಪಿಗಿ ಎಲ್ಲಿ?'
ನನ್ನ ಬಾಯಿಗೆ ಬಂದದ್ದು ಬೇರೆ, ರೂಢಿ:
'ಎಲ್ಲಿಂದ? ಎಲ್ಲಿಗೆ?'
'ಸೈಬೀರಿಯಾ ಕಡೆಯಿಂದ ಅಂತಾರೆ. ಏಪ್ರಿಲಿಗೆ ವಾಪಸ್.'

ಸೈಬೀರಿಯಾ.
ಎಷ್ಟು ಸ್ಟೇಜು, ಊಟಕ್ಕೆ ಎಲ್ಲಿ ನಿಲುಗಡೆ,
ಲಗೇಜು?
ಬೆರಳ ಗೆಣ್ಣಿನಲ್ಲೇ ಲೆಕ್ಕ ನಿಂತಿತು.

ದೋಣಿಯವನು ಹುಟ್ಟು ಎತ್ತಿ ಹಿಡಿದ. ಹನಿ ಬೀಳುವುದು ಕೇಳಿಸಿತು.
ನೀಲಗಂಗಾ ನನ್ನ ಮೊಣಕೈ ಒತ್ತಿ, ಕೇಳಿಯೂ ಕೇಳದಷ್ಟು ಮೆಲ್ಲಗೆ,
'ಸದ್ದಲೇ...'
ಬಿಲ್ಲೇರಿದ ಗೊರವಯ್ಯ ಹಾಗೆಂದರೆ
ಲಕ್ಷ ಜನ ಉಸಿರು ಹಿಡಿಯುತ್ತಾರೆ;
ಇಲ್ಲಿ ಎಂಟು, ಸ್ಟಾಫ್ ಸೇರಿ.
ಹಕ್ಕಿ ಕೊಕ್ಕೆತ್ತಿತು. ಕೂಗಿತು,
ಏರಿ ಏರಿ ಕೊನೆಗೆ ನಡುಗಿ ಒಡೆಯುವ ಒಂದು ದನಿ,
ಎದ್ದು ಹೊಳೆಯ ಬಾಯಿಯ ಕಡೆಗೆ ಹೋಯಿತು.
ಕಾರಣಿಕ ಏನೆಂದು ಯಾರಿಗೂ ತಿಳಿಯಲಿಲ್ಲ.
ಮಳೆಯೋ ಬೆಳೆಯೋ, ನಮಗೋ ಮೀನಿಗೋ.
ವೇಬಿಲ್ಲಿನಲ್ಲಿ ಬರೆಯಲು ಮರೆತೆ.

ಮರಳುವಾಗ ಬಿಸಿಲು. ದುರ್ಬೀನು ಅವಳ ಕೈಯಲ್ಲಿ,
ಕೊಡಲೊಲ್ಲಳು.
ತಿರುಗಿಸಿ, ಉಲ್ಟಾ ಹಿಡಿದು ನನ್ನನ್ನು ನೋಡಿದಳು.
'ಅಯ್ಯ, ಎಷ್ಟ ದೂರ ಅದೀರಿ!
ಹನ್ನೊಂದ ವರ್ಷ ಹಿಂಗ ಕಾಣತಿದ್ರಿ ನೋಡ್ರಿ.'
ಎದುರು ಹಲಗೆಯಲ್ಲೇ ಕೂತಿದ್ದೆ,
ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ;
ಆದರೂ ಕೈಯೆತ್ತಿ ಬೀಸಿದೆ.