ಸ್ಟಿಲ್

ಗ್ರಿಮ್ಸ್‌ಬಿಯ ಆಸ್ಪತ್ರೆ, ಎಕ್ಸ್-ರೇ ಕೋಣೆ ಎರಡು.
ದಿನಕ್ಕೆ ನಲವತ್ತು ಸಲ ಇದೇ ಮಾತು ಹೇಳುತ್ತೇನೆ:
ಕೀಪ್ ಸ್ಟಿಲ್.
ಗಾಜಿನ ಹಿಂದೆ ಹೋಗಿ ಗುಂಡಿ ಒತ್ತುತ್ತೇನೆ.
ಹನ್ನೊಂದು ವರ್ಷದಲ್ಲಿ ಸವೆದೂ ಸವೆದೂ ಆ ಪದ
ಬಾಗಿಲ ಹಿಡಿಯಂತಾಗಿದೆ,
ತಿರುಗಿಸುತ್ತೇನೆ, ನೋಡುವುದಿಲ್ಲ.

ಈವತ್ತು ಡೆನಿಸ್ ಮಂಬಿ, ಎಂಬತ್ತಮೂರು.
ಐಸ್‌ಲ್ಯಾಂಡಿನ ನೀರಲ್ಲಿ ಕಾಡ್ ಮೀನಿಗೆ ಬಲೆ ಬೀಸಿದವನು,
ಎಡಗೈಯಲ್ಲಿ ಬೆರಳು ಮೂರೇ.
ಎದೆಯನ್ನು ತಣ್ಣನೆ ಹಲಗೆಗೆ ಒತ್ತಿ ನಿಲ್ಲಿಸಿ
ಕೀಪ್ ಸ್ಟಿಲ್ ಎಂದೆ.
ಸ್ಟಿಲ್ ಹಿಯರ್, ಲವ್
ಎಂದ ಆತ, ಗೋಡೆಗೆ.

ನನಗೆ ನಗು. ಆತನಿಗೂ.
ಚಿತ್ರ ಅಲುಗಿತು. ಇನ್ನೊಮ್ಮೆ ನಿಲ್ಲಿಸಬೇಕಾಯಿತು.

ನಾನು ಅಂದದ್ದು: ಅಲ್ಲಾಡಬೇಡಿ.
ಆತ ಅಂದದ್ದು: ಇನ್ನೂ ಇದ್ದೀನಲ್ಲ.
ನಮ್ಮಲ್ಲಿ ಇವೆರಡಕ್ಕೆ ಬೇರೆ ಬೇರೆ ಮನೆ, ಬೇರೆ ಬೇರೆ ಒಲೆ.
'ಇನ್ನೂ ಇದ್ದೀಯಾ?' ಅಂತ ಯಾರನ್ನಾದರೂ ಕೇಳಿ ನೋಡಿ,
ವರ್ಷಗಟ್ಟಲೆ ಮಾತು ಬಿಡುತ್ತಾರೆ.

ಹಾಸನದ ಕಾಲೇಜಲ್ಲಿ ಫ್ಲೋರಿನ್ ಮೇಡಂ ಹೇಳಿದ್ದರು,
ಇವರ ಕವಿಗಳು ಇದನ್ನು ಸಾಲಿನ ತುದಿಗೆ ಕೂರಿಸುತ್ತಾರೆ,
ಕೆಳಗಿನ ಸಾಲಿಗೆ ಕಾಲಿಡುವ ತನಕ ತಿಳಿಯದು
ಕೆರೆ ಅಲುಗದೆ ನಿಂತಿದೆಯೋ
ಕೆರೆ ಇನ್ನೂ ಇದೆಯೋ.
ಬರೆದುಕೊಂಡಿದ್ದೆ. ಪರೀಕ್ಷೆಯಲ್ಲಿ ಬರಲಿಲ್ಲ.

ಅಂಗಿ ತೊಡುತ್ತ ಆತ:
ಹಡಗು ಗುಜರಿಗೆ ಹೋಯ್ತು,
ಮಾರ್ಚಿಯಲ್ಲಿ ಮೌರೀನ್ ಹೋದಳು.
ಸ್ಟಿಲ್...
ಇದು ಮೂರನೆಯದು. ಆದರೂ ಎಂಬುದು.
ಈ ಊರಿನವರು ಇದನ್ನು ಹೇಳಿ ವಾಕ್ಯ ಮುಗಿಸುವುದಿಲ್ಲ,
ಉಳಿದದ್ದಕ್ಕೆ ಕೋಟಿನ ಗುಂಡಿ ಹಾಕಿಕೊಳ್ಳುತ್ತಾರೆ.

ನಿಮ್ಮ ಭಾಷೆಯಲ್ಲಿ ಏನಂತೀರಿ ಇದಕ್ಕೆ?
ಹುಡುಕಿದೆ. ಮೂರೂ ಹಿಡಿಸುವ ಚೀಲ ಸಿಗಲಿಲ್ಲ.
ಸುಮ್ಮನಿರಿ, ಅಂದೆ.
ಸೂಮನೀರಿ, ಎಂದ, ಬಿಸಿ ಆಲೂಗೆಡ್ಡೆ ಬಾಯಲ್ಲಿಟ್ಟವನ ಹಾಗೆ.
ಹೇಳಿದೆ: ಮಾತು ಬಿಟ್ಟು ಕೂತರೆ ಸುಮ್ಮನೆ,
ಕೆಲಸವಿಲ್ಲದೆ ಒಬ್ಬರ ಮನೆಗೆ ಹೋದರೆ ಸುಮ್ಮನೆ,
ಸುಳ್ಳು ಹೇಳಿ ಸಿಕ್ಕಿಬಿದ್ದರೆ
ಅಯ್ಯೋ, ಸುಮ್ಮನೆ ಅಂದೆ ಕಣ್ರೀ.
ತಲೆದೂಗಿದ. ಬಲೆ ಎಳೆದಾದ ಮೇಲೆ, ಬೆಳಗಿನ ಜಾವ,
ಹಡಗಿನ ಮೇಲೆ ಬೇಕಿತ್ತು ಇಂಥದ್ದೊಂದು, ಎಂದ.

ಅಷ್ಟರಲ್ಲಿ ಪರದೆಯ ಮೇಲೆ ಚಿತ್ರ ಮೂಡಿತ್ತು.
ಈ ಸಲ ಅಲುಗಿರಲಿಲ್ಲ.
ಎಡಗಡೆ, ಮೇಲೆ, ಹೆಬ್ಬೆಟ್ಟೊತ್ತಿದಷ್ಟು ಬಿಳುಪು.

ಹೇಗಿದೆ, ಲವ್?

ಡಾಕ್ಟರು ನೋಡಿ ಹೇಳುತ್ತಾರೆ ಎನ್ನಬೇಕು,
ಅದೇ ನಿಯಮ. ದಿನಾ ಅನ್ನುತ್ತೇನೆ.
ಬಾಯಿ ತೆರೆದೆ.
ಮೂರು ಬೆರಳಿನ ಕೈ ಎತ್ತಿ ಆತ,
ನಿಧಾನ, ಪ್ರತಿ ಅಕ್ಷರ ಎಣಿಸಿ:
ಸುಮ್ಮನಿರಿ.