ಖಾಲಿ ಬಿಟ್ಟ ಮೂರು ಮನೆ

ಹೊನ್ನೂರಸ್ವಾಮಿ ಕರಡು ತಂದಿಟ್ಟ,
ಇನ್ನೂರ ಹನ್ನೊಂದು ಪುಟ, ಸ್ಪೈರಲ್ ಬೈಂಡು,
ಜೊತೆಗೆ ಬೇಕರಿಯ ದಿಲ್‌ಪಸಂದ್ ಪೊಟ್ಟಣ.
ನಾನು ಮೊದಲು ಪೊಟ್ಟಣ ಬಿಚ್ಚಿದೆ. ಸುಳ್ಳೇಕೆ?

ಐದು ವರ್ಷ ವೃಷಭಾವತಿಯ ನೀರು ಹೊತ್ತವನು.
ಕೆಂಗೇರಿ ಸೇತುವೆಯಿಂದ ಹಗ್ಗಕ್ಕೆ ಬಾಟಲಿ ಕಟ್ಟಿ ಇಳಿಬಿಡುವಾಗ
ಬೀಳಲು ಬಂದವನೆಂದು ಆಟೋದವರು ರಟ್ಟೆ ಹಿಡಿದೆಳೆದರಂತೆ.
"ಅಣ್ಣಾ, ಪಿಎಚ್‌ಡಿ ಮಾಡ್ತಿದೀನಿ" ಅಂದರೆ
"ಎರಡೂ ಒಂದೇ, ಈಚೆ ಬಾ" ಅಂದರಂತೆ.

ಐವತ್ತೆರಡನೇ ಪುಟ. ಕೋಷ್ಟಕ. ಸೀಸದ ಸಾಲು.
ಜುಲೈ ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು:
ಸೊನ್ನೆ ಪಾಯಿಂಟ್ ನಾಲ್ಕು ಎರಡು,
ನಾಲ್ಕು ಮೂರು,
ಮತ್ತೆ ನಾಲ್ಕು ಎರಡು.
ಎಷ್ಟು ಸಭ್ಯ ಅಂಕಿಗಳು!
ಆ ನದಿಯಲ್ಲಿ ಸಭ್ಯವಾದದ್ದು ನಾನೇನೂ ಕಂಡಿಲ್ಲ.

"ಜುಲೈ ಪೂರ್ತಿ ಯಂತ್ರ ರಿಪೇರಿಗೆ ಪೀಣ್ಯದಲ್ಲಿತ್ತಲ್ಲವೇನೋ?
ಒಂದು ದೀಪಕ್ಕೆ ಟೆಂಡರು ಕರೆದು ಕಾದು ಕೂತಿದ್ದೆವಲ್ಲ?"

ಅವನು ಕಿಟಕಿ ನೋಡಿದ. ಜ್ಞಾನಭಾರತಿಯ ನೀಲಗಿರಿ
ತೊಗಟೆ ಸುಲಿದುಕೊಂಡು ನಿಂತಿತ್ತು.
"ಮೇಡಂ, ಫೆಲೋಶಿಪ್ ಬರದೆ ಒಂಬತ್ತು ತಿಂಗಳು.
ಮಾರ್ಚಿಗೆ ಹಾಸ್ಟೆಲು ಬಿಡಬೇಕು.
ಜರ್ನಲಿನವರು ಹದಿನೆಂಟು ಸಾವಿರ ಕೇಳ್ತಾರೆ,
ಕೋಷ್ಟಕದಲ್ಲಿ ಮನೆ ಖಾಲಿ ಇದ್ದರೆ ತಗೊಳ್ಳಲ್ಲ.
ಸರಾಸರಿ ಹಾಕಿದೆ."

ಬೈಯಲು ಬಾಯಿ ತೆರೆದೆ.
ಹದಿನಾಲ್ಕು ಹುದ್ದೆಗೆ ಐದೇ ಜನ ನಾವು,
ನನ್ನೊಬ್ಬಳ ಕೆಳಗೆ ಎಂಟು ಸಂಶೋಧಕರು.
ಅರ್ಧವಾರ್ಷಿಕ ವರದಿಯಲ್ಲಿ ಇದೇ ಪುಟ ಬಂದಿತ್ತು,
ನೋಡಿ ರುಜು ಹಾಕಿದ್ದೆ.
ನೋಡದೆ, ಅಂತ ತಿದ್ದಿಕೊಳ್ಳಿ.

ಕದ್ದ ವಾಕ್ಯ ಹಿಡಿಯುವ ಸಾಫ್ಟ್‌ವೇರು ಶೇಕಡಾ ಆರು ಅಂದಿದೆ, ಭೇಷ್.
ಕೂತಲ್ಲೇ ಹುಟ್ಟಿದ ಅಂಕಿಯ ವಾಸನೆ ಹಿಡಿಯಲು
ಅದಕ್ಕೆ ಮೂಗಿಲ್ಲ.

ಇಬ್ಬರೂ ದಿಲ್‌ಪಸಂದ್ ತಿಂದೆವು.
ಆಮೇಲೆ ಅವನೇ ರಬ್ಬರ್ ಕೇಳಿದ, ಪ್ರಿಂಟಾದ ಹಾಳೆಗೆ ರಬ್ಬರು!
ನಗು ಬಂತು. ವೈಟ್ನರ್ ಕೊಟ್ಟೆ.
ಮೂರು ಮನೆ ಬೆಳ್ಳಗಾದವು.
ಅಡಿಯಲ್ಲಿ ಸಣ್ಣಗೆ ಬರೆದ:
ಯಂತ್ರ ಕೆಟ್ಟಿತ್ತು. ಅಳೆದಿಲ್ಲ.
ಇನ್ನೂರ ಹನ್ನೊಂದು ಪುಟದಲ್ಲಿ
ನಾನು ತಿದ್ದಬೇಕಾಗದ ಮೊದಲ ಸಾಲು.

ಬರುವ ಜುಲೈಗೆ ಮತ್ತೆ ಅಳೆಯುತ್ತಾನೆ, ಅಂದರೆ ಇನ್ನೊಂದು ವರ್ಷ.
ಸೇತುವೆಯ ಆಟೋದವರು ಈಗ ರಟ್ಟೆ ಹಿಡಿಯುವುದಿಲ್ಲ,
ಹಗ್ಗದ ತುದಿ ಹಿಡಿಯುತ್ತಾರೆ.
ಮಾರ್ಚು ಮಾತ್ರ ಮಾರ್ಚಿನಲ್ಲೇ ಬರುತ್ತದೆ.
ವಾರ್ಡನ್ನರಿಗೆ ಪತ್ರ ಬರೆಯುತ್ತಾ ಕೂತಿದ್ದೇನೆ, ಇದು ಮೂರನೆಯದು.
ಈ ಸಲ 'ದಯವಿಟ್ಟು' ಎರಡು ಕಡೆ ಬಂದಿದೆ.