ಕಿಟಕಿ ಸೀಟು

ಲಗ್ಗೆರೆ, ಹಾಲಿನ ಬೂತಿನ ಮೇಲಿನ ಕೋಣೆ, ಭಾನುವಾರದ ಪಾಠ.
'ಮೈ ಮಾರ್ನಿಂಗ್' ಬರೆದು ತಂದಿದ್ದಾಳೆ ಮುನಿಚೌಡಮ್ಮ,
ಹನ್ನೆರಡು ಸಾಲು, ಒಂದೇ ವಾಕ್ಯ:
ಐ ವೇಕಪ್ ವಾಟರ್ ಕಮ್ಸ್ ಐ ಫಿಲ್ ಡ್ರಮ್ ಮೈ ಸನ್ ಕ್ರೈಸ್

ವೇಕಪ್ ಹತ್ತಿರವೇ ನಿಂತಿತು ನನ್ನ ಕೆಂಪು ಪೆನ್ನು.
ಇಲ್ಲಿ ಮಾತು ಮುಗೀತಲ್ಲ, ಚುಕ್ಕಿ ಇಡು.
ಅವಳು ಕಾಮಾ ಇಟ್ಟು ನಕ್ಕಳು.
ಕಾಮಾ ಬರೀ ಗುಂಡುಸೂಜಿ ಕಣೇ, ಹೊಲಿಗೆಯಲ್ಲ;
ಹೊಲಿಯಬೇಕಾದರೆ ಜೊತೆಗೊಂದು 'ಆ್ಯಂಡ್' ಬೇಕು, 'ಸೋ' ಬೇಕು.
ಗಾರ್ಮೆಂಟ್ಸಿನವಳು, ತಟ್ಟನೆ ಹಿಡಿದಳು.

ಆದರೂ ಕೇಳಿದಳು:
ನಮ್ಮಲ್ಲಾದರೆ ಎದ್ದು, ನೀರು ಹಿಡಿದು, ಮಗನನ್ನ ಎಬ್ಬಿಸಿ,
ಅನ್ನ ಬಸಿದು, ಬೀಗ ಜಡಿದು, ಓಡಿ
ಪೀಣ್ಯದವರೆಗೂ ಒಂದೇ ಉಸಿರಲ್ಲಿ ಹೋಗಬಹುದು ಮಿಸ್,
ಯಾರೂ ತಪ್ಪು ಅನ್ನಲ್ಲ.

ಹೌದು, ಅಂದೆ.
ಇಂಗ್ಲಿಷಿಗೆ ಆ 'ಎದ್ದು' ಇಲ್ಲ, ಆ 'ಹಿಡಿದು' ಇಲ್ಲ.

ಪೆನ್ಸಿಲ್ ಕಚ್ಚಿ ಕೂತಳು. ಕೆಳಗೆ ಖಾಲಿ ಕ್ರೇಟುಗಳ ಸದ್ದು.
ಆಮೇಲೆ ಒಂದೊಂದೇ ಚುಕ್ಕಿ,
ಹಗುರವಾಗಿ, ಬೇಕಾದರೆ ಅಳಿಸಬಹುದು ಅನ್ನುವ ಹಾಗೆ.
ಕೊನೆಯದನ್ನು ಮಾತ್ರ ಒತ್ತಿ ಇಟ್ಟಳು,
ಹಾಳೆಯ ಹಿಂದೆ ಗಂಟು ಮೂಡುವಷ್ಟು:
ಐ ಗೆಟ್ ವಿಂಡೋ ಸೀಟ್.

ನಡುವೆ ಒಂದು 'ಎ' ಬಿಟ್ಟುಹೋಗಿದೆ.
ಅದು ಮುಂದಿನ ವಾರಕ್ಕೆ.